ಇನ್ನೂ ಬಾರದವರ ಕೂಲಿ

ವರ್ನಾ ಕೊಸ್ಟೆಲ್ನಿಕ್ ನಲವತ್ತು ವರ್ಷ ಚಹಾದ ಕಪ್ಪಿಗೆ ಹಿಡಿ ಅಂಟಿಸಿದಳು. ಅದರಲ್ಲಿ ಮೂವತ್ತೆರಡು ವರ್ಷ ನಾನು ಅವಳ ಪಕ್ಕದಲ್ಲೇ ಕೂತು ಅದೇ ಕೆಲಸ ಮಾಡಿದೆ. ಓಹಿಯೊ ನದಿಯ ದಂಡೆಯ ನಮ್ಮ ಪಿಂಗಾಣಿ ಕಾರ್ಖಾನೆಯಲ್ಲಿ ಅದು ಹೆಂಗಸರ ಕೆಲಸ. ಗಂಜಿಯಂತೆ ಕಲಸಿದ ಮಣ್ಣಿನಲ್ಲಿ ಹಿಡಿಯ ಎರಡೂ ತುದಿ ಅದ್ದಿ, ಹಸಿ ಕಪ್ಪಿಗೆ ಒತ್ತಿ, ಮಿಕ್ಕಿದ್ದನ್ನು ಒರೆಸಬೇಕು. ಅಷ್ಟೇನಾ ಅನ್ನುವವರು ಒಂದು ವಾರ ಮಾಡಿ ನೋಡಲಿ.

ಇಪ್ಪತ್ತನಾಲ್ಕನೇ ವಯಸ್ಸಿಗೇ ಅವಳು ನಮ್ಮ ಸಾಲಿನ ಯೂನಿಯನ್ ಪ್ರತಿನಿಧಿಯಾದಳು. ಆಗೆಲ್ಲ ಭಟ್ಟಿಯಿಂದ ಸೀಳದೆ ಹೊರಬಂದ ಕಪ್ಪಿಗೆ ಮಾತ್ರ ಕೂಲಿ. ಉರಿ ಹೆಚ್ಚಾಗಿ ಸೀಳಿದರೂ ಮುರಿದುಕೊಳ್ಳುವುದು ನಮ್ಮ ಕೂಲಿಯಲ್ಲೇ. ವರ್ನಾ ಒಂದು ದಿನ ಸೀಳಿದ ಕಪ್ಪನ್ನು ಮ್ಯಾನೇಜರನ ಮೇಜಿನ ಮೇಲೆ ಇಟ್ಟಳು.

"ನನ್ ಕೈ ಬಿಟ್ಟಾಗ ಇದು ಚೆನ್ನಾಗೇ ಇತ್ತು ಸಾರ್. ನಿಮ್ ಮಗ ಸ್ಕೂಲಲ್ಲಿ ಫೇಲಾದ್ರೆ ಹೆರಿಗೆ ಮಾಡ್ಸಿದ ಡಾಕ್ಟರ ಫೀಸು ವಾಪಸ್ ಕೇಳ್ತೀರಾ?"

ಆ ವರ್ಷವೇ ನಿಯಮ ಬದಲಾಯಿತು. ಕೈಯಿಂದ ಸರಿಯಾಗಿ ಹೋದ ಪ್ರತಿ ಕಪ್ಪಿಗೂ ಕೂಲಿ ಬಂತು. ಇಂಥವಳು ಮುಂದೆ ಮಾಡಿದ ತಪ್ಪನ್ನು ನಾನು ಹೇಳಲೇಬೇಕು, ಏಕೆಂದರೆ ಅದರಲ್ಲಿ ನನಗೂ ಪಾಲಿದೆ.

ತೊಂಬತ್ತಮೂರರಲ್ಲಿ ಕಂಪನಿಯವರು ಹೊರದೇಶದ ಅಗ್ಗದ ತಟ್ಟೆಗಳನ್ನು ತೋರಿಸಿ, ಕೂಲಿ ಇಳಿಸದಿದ್ದರೆ ಬಾಗಿಲು ಹಾಕುತ್ತೇವೆ ಅಂದರು. ಆಮೇಲೆ ತಾವೇ ಒಂದು ದಾರಿ ತೋರಿಸಿದರು. ಈಗ ಇರುವವರ ಕೂಲಿ ಮುಟ್ಟುವುದಿಲ್ಲ. ಇನ್ನು ಮುಂದೆ ಸೇರುವವರಿಗೆ ಮಾತ್ರ ಕಪ್ಪಿನ ರೇಟು ಇಳಿದು ಗಂಟೆಗೆ ಮೂರು ಡಾಲರ್ ಕಡಿಮೆ ಬೀಳುತ್ತದೆ, ಪಿಂಚಣಿಯೂ ಇಲ್ಲ. ಹಾವೂ ಸಾಯಲಿಲ್ಲ ಕೋಲೂ ಮುರಿಯಲಿಲ್ಲ ಎಂದು ನಮಗೆಲ್ಲ ಉಸಿರು ಬಂದಂತಾಯಿತು. ಯೂನಿಯನ್ ಸಭೆಯಲ್ಲಿ ಎದ್ದು ನಿಂತು ಬೇಡ ಅಂದವನು ಒಬ್ಬನೇ, ಭಟ್ಟಿಯ ಮುದುಕ ಒರೆಸ್ಟ್.

"ಕಪ್ಪು ಒಂದೇ, ಕೂಲಿ ಎರಡು. ನಾಳೆ ಅವ್ರೂ ಬಂದು ಇಲ್ಲೇ ಕೂರ್ತಾರೆ. ಯಾವ ಮುಖ ಇಟ್ಕೊಂಡು ಮಾತಾಡ್ಸ್ತೀರಮ್ಮ?"

"ಕಾರ್ಖಾನೆ ಉಳಿದ್ರೆ ತಾನೆ ಅವ್ರು ಬರೋದು? ಇನ್ನೂ ಬರದೇ ಇರೋರ ಚಿಂತೆ ಈಗ್ಲೇ ಯಾಕಜ್ಜ?" ಎಂದು ಮೊದಲು ಕೈ ಎತ್ತಿದವಳು ವರ್ನಾ. ಎರಡನೆಯ ಕೈ ನನ್ನದು.

ಬಾರದವರು ಬಂದರು. ಅದೇ ಬೆಂಚು, ಅದೇ ಮಣ್ಣು, ಯೂನಿಯನ್ನಿಗೆ ಕೊಡುವ ಚಂದಾ ಕೂಡ ಅಷ್ಟೇ. ನಮಗೆ 'ಹಳೇ ರೇಟಿನೋರು' ಎಂದು ಹೆಸರಿಟ್ಟರು. ಊಟದ ಹೊತ್ತಿಗೆ ಅವರ ಮೇಜೇ ಬೇರೆ, ನಮ್ಮ ಮೇಜೇ ಬೇರೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅರ್ಧ ಕಾರ್ಖಾನೆ ಅವರದಾಗಿತ್ತು, ಮತ್ತು ವರ್ನಾಳ ಮಗಳು ಡಾರ್ಲಾ ಅವರಲ್ಲಿ ಒಬ್ಬಳಾಗಿದ್ದಳು. ತಾಯಿಯ ಎಡಕ್ಕೆ ಮಗಳು, ಬಲಕ್ಕೆ ನಾನು.

ಎರಡು ಸಾವಿರದ ಒಂಬತ್ತರಲ್ಲಿ ಹೊಸಬರು ಅರ್ಜಿ ಹಾಕಿ, ಯೂನಿಯನ್ ಬೇಕೋ ಬೇಡವೋ ಎಂದು ಮತದಾನ ಗೊತ್ತುಮಾಡಿಸಿದರು. ವರ್ನಾಗೆ ಆಗ ಐವತ್ತೊಂಬತ್ತು. ಅವಳಿಗೆ ಬೇರೇನೂ ಬೇಕಿರಲಿಲ್ಲ, ಯೂನಿಯನ್ ಉಳಿಯಬೇಕಿತ್ತು. ಅಕ್ರೋಟು ತುಂಬಿದ ರೊಟ್ಟಿ ಸುಟ್ಟು, ಮೂರು ವಾರ ಮನೆಮನೆ ತಿರುಗಿದಳು. ಕೊನೆಗೆ ಹೋದದ್ದು ಮಗಳ ಮನೆಗೆ, ನನ್ನನ್ನೂ ಕರೆದುಕೊಂಡು. ಡಾರ್ಲಾ ಮಗುವಿಗೆ ಸೂಪು ಕುಡಿಸುತ್ತಿದ್ದಳು. ನಮ್ಮ ಕಡೆ ತಿರುಗಲಿಲ್ಲ.

"ಅಮ್ಮ, ನೀನು ಸಭೇಲಿ ಕೈ ಎತ್ತಿದ್ಯಲ್ಲ, ಅವತ್ತು ನನಗೆಷ್ಟು ವಯಸ್ಸು?"

"ಹನ್ನೊಂದು."

"ನನ್ನ ಕೇಳಿದ್ಯಾ?"

"ಬಾಗ್ಲು ಹಾಕ್ತಿದ್ರು ಕಣೇ."

"ಹಾಕ್ತಿದ್ರೇನೋ. ಇದ್ದೋರೆಲ್ಲ ಸ್ವಲ್ಪ ಸ್ವಲ್ಪ ಬಿಟ್ಕೊಟ್ಟಿದ್ರೆ ಆಗ್ತಿರ್ಲಿಲ್ವಾ? ನಿಮ್ದು ಉಳಿಸ್ಕೊಂಡು ನಮ್ದು ಕೊಟ್ರಿ. ಆರು ವರ್ಷದಿಂದ ನಿನ್ ಪಕ್ಕ ಕೂತು ನಿನ್ನಷ್ಟೇ ಕಪ್ಪು ಮಾಡ್ತಿದೀನಿ. ಯೂನಿಯನ್ ನನಗೇನು ಕೊಡ್ತು, ನೀನೇ ಹೇಳು."

ಮ್ಯಾನೇಜರನ ಬಾಯಿ ಮುಚ್ಚಿಸಿದ್ದ ವರ್ನಾ ರೊಟ್ಟಿಯನ್ನು ಮೇಜಿನ ಮೇಲಿಟ್ಟು ಹೊರಟಳು. ಕಾರಿನಲ್ಲಿ ಕೂತ ಮೇಲೆ, "ಅವಳು ಹೇಳಿದ್ರಲ್ಲಿ ಸುಳ್ಳೇನಿದೆ, ಐಲೀನ್?" ಅಂದಳು.

ಬೇಡ ಅಂದವರು ಅರವತ್ತೊಂದು, ಬೇಕು ಅಂದವರು ಐವತ್ತೆಂಟು. ಡಾರ್ಲಾ ಯಾವ ಕಡೆ ಎಂದು ತಾಯಿ ಕೇಳಲಿಲ್ಲ, ಮಗಳು ಹೇಳಲಿಲ್ಲ. ವರ್ನಾ ಮರುದಿನ ಎಂದಿನ ಹೊತ್ತಿಗೇ ಕೆಲಸಕ್ಕೆ ಬಂದಳು. ಮುಖ ಮಾತ್ರ ಸಾವಿನ ಮನೆಯಿಂದ ಎದ್ದು ಬಂದವಳದು.

ಮುಂದಿನ ವಸಂತದಲ್ಲಿ ಡಾರ್ಲಾಗೆ ಆಫೀಸಿನಿಂದ ಕರೆ ಬಂತು. ಮಗುವಿಗೆ ಉಬ್ಬಸ, ಮೂರು ಸಲ ತಡವಾಗಿ ಬಂದಿದ್ದಳು. ಯೂನಿಯನ್ ಇದ್ದಾಗ ಹೀಗೆ ಕರೆದರೆ, ನಮ್ಮ ಪ್ರತಿನಿಧಿ ಬರುವವರೆಗೆ ಬಾಯಿ ಬಿಡುವುದಿಲ್ಲ ಅನ್ನುವ ಹಕ್ಕಿತ್ತು. ಹೋದ ವರ್ಷ ಅದೂ ಹೋಗಿದೆ ಎಂಬುದು ಆ ಹುಡುಗಿಗೆ ಹೊಳೆದಿತ್ತೋ ಇಲ್ಲವೋ. ಎದ್ದವಳು ತಾಯಿಯ ಹತ್ತಿರ ನಿಂತು, "ಅಮ್ಮ, ಸ್ವಲ್ಪ ಜೊತೆಗೆ ಬಾ" ಅಂದಳು.

ವರ್ನಾ ಕೈ ಒರೆಸಿಕೊಂಡು ಎದ್ದಳು. ಆಫೀಸಿನ ಬಾಗಿಲಲ್ಲಿ ಮೇಸ್ತ್ರಿ ಅಡ್ಡ ನಿಂತ.

"ಅದೆಲ್ಲ ಈಗಿಲ್ಲ, ವರ್ನಾ. ಈಗ ನೀವು ಬರೀ ಅವಳ ತಾಯಿ. ಬೆಂಚಿಗೆ ಹೋಗಿ."

ಅವಳು ಹೋಗಲಿಲ್ಲ. ಮುಚ್ಚಿದ ಬಾಗಿಲ ಮುಂದೆ ಇಪ್ಪತ್ತು ನಿಮಿಷ ನಿಂತಿದ್ದಳು. ಡಾರ್ಲಾ ಹೊರಗೆ ಬಂದಾಗ ಕೈಯಲ್ಲಿ ಒಂದು ಕಾಗದವಿತ್ತು.

"ಏನಂದ್ರು?"

"ಸಹಿ ಮಾಡು ಅಂದ್ರು, ಮಾಡ್ದೆ. ನಾಳೆಯಿಂದ ಬರ್ಬೇಡ ಅಂತೆ."

"ಓದಿ ಮಾಡ್ಬೇಕಿತ್ತಲ್ಲೇ."

"ಓದಿದೆ ಅಮ್ಮ. ಅರ್ಥ ಆಗ್ಲಿಲ್ಲ. ಒಳಗೆ ಯಾರಿದ್ರು ಕೇಳೋಕೆ?"

ವರ್ನಾ ಮಗಳನ್ನು ತಬ್ಬಿಕೊಂಡಳು. ಮಗಳು ಬಿಡಿಸಿಕೊಳ್ಳಲಿಲ್ಲ. ಮುಂಚೆಯಾದರೆ ಇಡೀ ಸಾಲು ಕಪ್ಪು ಕೆಳಗಿಟ್ಟು ಎದ್ದು ನಿಲ್ಲುತ್ತಿತ್ತು. ವರ್ನಾ ತಿರುಗಿ ನಮ್ಮತ್ತ ನೋಡಿದಳು. ಹಳೇ ರೇಟಿನವರು, ಹೊಸ ರೇಟಿನವರು, ಎಲ್ಲರ ತಲೆ ಕೆಳಗಿತ್ತು. ನಾನೂ ಏಳಲಿಲ್ಲ. ಪಿಂಚಣಿಗೆ ನನಗೆ ಇನ್ನು ಏಳು ತಿಂಗಳು ಉಳಿದಿತ್ತು.