ಸಾಹೇಬರ ಊರಿನ ಕುಣಿತ

ಮನುಷ್ಯ ಪರ್ವತವನ್ನು ಏರುವುದು ತನ್ನ ಅಲ್ಪತ್ವವನ್ನು ಅರಿಯಲು, ತನಗಿಂತ ದೊಡ್ಡದೊಂದರ ಮುಂದೆ ತಲೆ ಬಾಗಿಸಲು ಎಂದು ತಿಳಿದವರು ಹೇಳುತ್ತಾರೆ. ನಾನು ಏರಿದ್ದು ವೀಸಾ ನವೀಕರಣಕ್ಕೆ. ತಲೆ ಬಾಗಿಸುವ ಕೆಲಸವೂ ಆಯಿತು, ಆದರೆ ಪರ್ವತದ ಮುಂದಲ್ಲ.

ಎಣ್ಣೆಯ ಬೆಲೆ ಬಿದ್ದ ವರ್ಷಗಳು ಅವು. ಮಸ್ಕತ್ತಿನಲ್ಲಿ ಎಣ್ಣೆ ಬಿದ್ದರೆ ಮೊದಲು ಜಾರುವವರು ಎಣ್ಣೆಯನ್ನು ಕಣ್ಣಿನಿಂದಲೂ ಕಾಣದವರು. ನಮ್ಮ ಕಂಪನಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರಗಳಿಗೆ ಪಂಪು ಕೂಡಿಸುತ್ತಿತ್ತು. ನಾನು ಅದರಲ್ಲೊಬ್ಬ ಎಂಜಿನಿಯರು. ಬೆಲೆ ಏನೇ ಆಗಲಿ, ಜನ ನೀರು ಕುಡಿಯುವುದನ್ನಂತೂ ಬಿಡುವುದಿಲ್ಲವಲ್ಲ ಎಂಬ ಧೈರ್ಯದಲ್ಲಿದ್ದೆ. ಜನ ಬಿಡಲಿಲ್ಲ, ನಿಜ. ಹೊಸ ಸ್ಥಾವರ ಕಟ್ಟುವುದು ಮಾತ್ರ ನಿಂತುಹೋಯಿತು. ಆಫೀಸಿನಲ್ಲಿ ‘ಲಾಂಗ್ ಲೀವ್’ ಎಂಬ ಸಭ್ಯ ಮಾತೊಂದು ಬಳಕೆಗೆ ಬಂತು. ಲಾಂಗ್ ಲೀವಿಗೆ ಹೋದವರಲ್ಲಿ ಕೆಲವರು ಮರಳಿ ಬರುತ್ತಿದ್ದರು. ಉಳಿದವರ ಸೋಫಾ ಅಲ್ ಅಜೈಬಾ ಬಡಾವಣೆಯಲ್ಲಿ ಇನ್ಯಾರದೋ ಮನೆಯ ಹಾಲ್‌ನಲ್ಲಿ ಕಾಣಿಸಿಕೊಳ್ಳುತ್ತಿತ್ತು.

ನನ್ನ ವೀಸಾ ಮಾರ್ಚ್ ಕೊನೆಗೆ ಮುಗಿಯುವುದಿತ್ತು. ಮಗಳು ಅಲ್ ಗುಬ್ರಾದ ಇಂಡಿಯನ್ ಸ್ಕೂಲಿನಲ್ಲಿ ಹನ್ನೊಂದನೆಯ ತರಗತಿ. ಎಲ್‌ಕೆಜಿಯಿಂದಲೂ ಅದೇ ಶಾಲೆ, ಅದೇ ಬಸ್ಸು, ಅದೇ ಗೆಳತಿಯರು. ಹನ್ನೆರಡನೆಯದನ್ನೂ ಇಲ್ಲೇ ಮುಗಿಸುವಂತೆ ಮಾಡುತ್ತೇನೆಂದು ನಾನು ಅವಳಿಗೆ ಮಾತು ಕೊಟ್ಟಿದ್ದೆ. ವೀಸಾ ಇನ್ನೊಂದು ಸಲ ನವೀಕರಣವಾದರೆ ಮಾತು ಉಳಿಯುತ್ತಿತ್ತು. ನನಗೆ ಪ್ರಪಂಚದಿಂದ ಬೇಕಾಗಿದ್ದದ್ದು ಅಷ್ಟೇ.

ಅದನ್ನು ಕೊಡಬಲ್ಲವರು ನಮ್ಮ ಪ್ರಾಜೆಕ್ಟಿನ ಮುಖ್ಯಸ್ಥರು, ಜಪಾನಿನವರು. ಮಾತು ಕಡಿಮೆ. ಅವರಿಗೆ ಇದ್ದದ್ದು ಎರಡೇ ಹುಚ್ಚು: ಗುಡ್ಡ ಹತ್ತುವುದು ಮತ್ತು ತಮ್ಮೂರಿನ ಕುಣಿತ. ವಾರದ ರಜೆಯ ಶುಕ್ರವಾರ ಬಂದರೆ ಬೂಟು ಕಟ್ಟಿಕೊಂಡು ವಾದಿಗಳಿಗೆ, ಅಂದರೆ ಗುಡ್ಡಗಳ ನಡುವಿನ ಒಣಹಳ್ಳಗಳಿಗೆ, ನಡೆಯಲು ಹೊರಡುತ್ತಿದ್ದರು. ಬರುವವರು ಬರಬಹುದು ಎನ್ನುತ್ತಿದ್ದರು. ಎಣ್ಣೆಗೆ ಒಳ್ಳೆಯ ಬೆಲೆ ಇದ್ದಾಗ ಅವರ ಹಿಂದೆ ಒಬ್ಬರೂ ಹೋಗುತ್ತಿರಲಿಲ್ಲ. ಬೆಲೆ ಇಳಿಯುತ್ತ ಹೋದಂತೆ ಆಫೀಸಿನಲ್ಲಿ ಪ್ರಕೃತಿಪ್ರೇಮ ಏರುತ್ತ ಹೋಯಿತು. ಕಡೆಕಡೆಗೆ ಹಳ್ಳದೊಳಗೆ ಸಾಲುಗಟ್ಟಿ ನಡೆಯುವ ನಮ್ಮನ್ನು ಕಂಡು ಅಲ್ಲಿಯ ಮೇಕೆಗಳು ದಾರಿ ಬಿಡುತ್ತಿದ್ದವು.

ನನಗೊಂದು ಅನುಕೂಲವಿತ್ತು, ಖಡಕ್ ರೊಟ್ಟಿ. ಬಂಡೆಯ ನೆರಳಿನಲ್ಲಿ ಕೂತು ಸಾಹೇಬರು ನನ್ನ ಹೆಂಡತಿ ಕಟ್ಟಿಕೊಟ್ಟ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಕಣ್ಣಲ್ಲಿ ನೀರು ಸುರಿಸುತ್ತ ತಿನ್ನುತ್ತಿದ್ದರು, ಬೇಡ ಎನ್ನುತ್ತಿರಲಿಲ್ಲ. ಅಂಥದೊಂದು ಹೊತ್ತಿನಲ್ಲಿ, “ನಮ್ಮೂರಿಗೆ ಬನ್ನಿ. ಚಳಿಗೆ ಮುಂಚೆ ಗುಡ್ಡವೆಲ್ಲ ಕೆಂಪಾಗುತ್ತದೆ. ಆಗ ಗುಡಿಯಲ್ಲಿ ಕಗುರಾ” ಎಂದರು. ಕಗುರಾ ಎಂದರೆ ದೇವರೆದುರು ಮುಖವಾಡ ಹಾಕಿಕೊಂಡು ಕುಣಿಯುವುದು. ನಮ್ಮ ಕಡೆ ದೊಡ್ಡಾಟವಿದೆ ಎಂದು ನಾನೂ ಹೇಳಿದೆ. ಅವರಿಗೆ ದೊಡ್ಡಾಟ ತಿಳಿಯಲಿಲ್ಲ, ನನಗೆ ಕಗುರಾ ತಿಳಿಯಲಿಲ್ಲ. ಪರಸ್ಪರ ಗೌರವ ಬೆಳೆಯಲು ಇದಕ್ಕಿಂತ ಒಳ್ಳೆಯ ತಳಹದಿ ಇಲ್ಲ.

ಸೆಪ್ಟೆಂಬರಿನಲ್ಲಿ ಸಾಹೇಬರು ರಜೆಯ ಮೇಲೆ ಊರಿಗೆ ಹೋದರು. ಕೆಲವು ವಾರಗಳ ಮೇಲೆ ನನ್ನ ಫೋನಿಗೆ ಸಂದೇಶ ಬಂತು: ಎಲೆ ಕೆಂಪಾಗುತ್ತಿದೆ, ಬರುವಿರಾ?

ಪಕ್ಕದ ಫ್ಲ್ಯಾಟಿನಲ್ಲಿ ಮಂಗಳೂರಿನವರೊಬ್ಬರಿದ್ದರು, ಬೇರೊಂದು ಕಂಪನಿಯಲ್ಲಿ ವೀಸಾ ಕಾಗದಪತ್ರ ನೋಡಿಕೊಳ್ಳುವವರು. ಕಟ್ಟಡದ ಕನ್ನಡಿಗರಿಗೆಲ್ಲ ಅವರ ಮಾತೇ ಕಾನೂನು. ಸಂದೇಶ ತೋರಿಸಿದೆ.

“ಇದ್ರಲ್ಲಿ ಕೇಳ್ಲಿಕ್ಕೆ ಎಂತ ಉಂಟು ಮಾರಾಯ್ರೇ! ಹೋಗ್ಲೇಬೇಕು. ನಾನು ನಮ್ಮ ಮ್ಯಾನೇಜರ್‌ನ ಮನೆ ಒಕ್ಕಲಿಗೆ ಕೇರಳಕ್ಕೆ ಹೋಗ್ಲಿಲ್ವಾ? ಊಟ ಮಾಡಿದೆ, ಅವನ ಅಮ್ಮನ ಕಾಲಿಗೆ ಬಿದ್ದೆ, ಬಂದೆ. ವೀಸಾದ ಬಗ್ಗೆ ಒಂದು ಅಕ್ಷರ ಮಾತಾಡ್ಲಿಲ್ಲ. ಎರಡು ವರ್ಷ ರಿನ್ಯೂವಲ್, ಖಲಾಸ್.”

“ಆದರೆ ಇವರು ಜಪಾನಿನವರು...”

“ಜಪಾನಿನವನಿಗೆ ಮನೆ ಇಲ್ವಾ? ಅಮ್ಮ ಇಲ್ವಾ? ನೀವು ಹೋಗಿ. ಮತ್ತೊಂದು ವಿಷಯ. ಗುಡ್ಡ ಹತ್ತುವಾಗ ಕೇಳ್ಬೇಡಿ, ಏದುಸಿರು ಬಿಡುವಾಗ ಯಾರಿಗೂ ಕರುಣೆ ಇರುದಿಲ್ಲ. ಇಳಿಯುವಾಗ ಕೇಳಿ.”

ಇದು ಅವರೊಬ್ಬರ ಹುಚ್ಚಲ್ಲ, ಗಲ್ಫಿನಲ್ಲಿ ಕೂದಲು ನರೆಸಿಕೊಂಡ ನಾವೆಲ್ಲ ನಂಬಿದ ಶಾಸ್ತ್ರ. ಮೇಲಿನವರ ಮನೆಯ ಕಾರ್ಯಕ್ಕೆ ಹೋಗಿ ಮುಖ ತೋರಿಸಿ ಬಂದರೆ ಕೆಲಸಕ್ಕೆ ಭದ್ರತೆ. ಈಜಿಪ್ಟಿನವರಿಗೂ ಈ ಮದ್ದು ನಾಟಿದೆ, ಸಿಂಧಿಗಳಿಗೂ ನಾಟಿದೆ. ಜಪಾನಿನಲ್ಲಿ ಪ್ರಯೋಗ ಆಗಿರಲಿಲ್ಲ, ಅಷ್ಟೇ.

ಹೆಂಡತಿಗೆ ಶಾಸ್ತ್ರದಲ್ಲಿ ಶ್ರದ್ಧೆ ಇರಲಿಲ್ಲ.

“ಅಲ್ರೀ, ಗುಡ್ಡಾ ನೋಡಾಕ ಅಷ್ಟು ದೂರ ಹೋಗಬೇಕೇನ್ರಿ? ಅಡಿಗಿಮನಿ ಕಿಡಕಿ ತಗದ್ರ ಇಲ್ಲೇ ಸಾಲಾಗಿ ನಿಂತಾವ.”

“ಇವು ಬರೇ ಗುಡ್ಡಾ. ಅವು ಸಾಹೇಬ್ರ ಊರಿನ ಗುಡ್ಡಾ.”

“ರಜಾ ಮುಗಿಸಿ ಬರ್ತಾರಲ್ಲ, ಆವಾಗ ಆಫೀಸಿನ್ಯಾಗ ಕೇಳ್ರಿ. ಬಾಯಿಲೆ ಕೇಳೂದಕ್ಕ ವಿಮಾನ ಯಾಕ ಬೇಕು?”

“ನಿನಗ ತಿಳಿಯೂದಿಲ್ಲ.”

“ಹೌದ್ ಬಿಡ್ರಿ. ನನಗ ತಿಳಿಯೂದಿಲ್ಲ, ಆ ಮಂಗಳೂರವ್ರಿಗೆ ಎಲ್ಲಾ ತಿಳಿತೈತಿ” ಎಂದು ಅವಳು ಕುಕ್ಕರ್ ಇಟ್ಟಳು. ಮಗಳು ಪುಸ್ತಕದಿಂದ ತಲೆ ಎತ್ತದೆ, “ಅಪ್ಪಾ, ಪ್ಲೀಸ್, ಅಲ್ಲಿ ಹೋಗಿ ಕೈ ಮುಗ್ಕೊಂಡು ನಿಲ್ಬೇಡ. ಇಟ್ಸ್ ಸೋ ಎಂಬರಾಸಿಂಗ್” ಎಂದಳು.

ಶುಭಶಕುನಗಳಿಗೆ ಕೊರತೆ ಇರಲಿಲ್ಲ. ಆಫೀಸಿನ ಬೇಸ್‌ಮೆಂಟಿನಲ್ಲಿ ಸಾಹೇಬರ ಬಿಳಿ ಕಾರು ಹೊದಿಕೆ ಹೊದ್ದು ನಿಂತಿತ್ತು. ಕಾರು ತೊಳೆಯುವವನು ವಾರವಾರವೂ ಹೊದಿಕೆ ತೆಗೆದು ತೊಳೆಯುತ್ತಿದ್ದ. ಮರಳಿ ಬಾರದವರ ಕಾರನ್ನು ಯಾರು ತೊಳೆಯುತ್ತಾರೆ? ಇನ್ನು ನನ್ನ ರಜೆ. ಒಂದು ಶುಕ್ರವಾರಕ್ಕೆ ಇನ್ನೊಂದು ದಿನ ಅಂಟಿಸಿಕೊಳ್ಳಲು ಒದ್ದಾಡುತ್ತಿದ್ದ ನನಗೆ ಕೇಳಿದ ಮರುದಿನವೇ ರಜೆ ಮಂಜೂರಾಯಿತು. ಎಚ್‌ಆರ್‌ನ ಹೆಂಗಸು ನಕ್ಕು, ಅವಸರವಿಲ್ಲ, ಆರಾಮವಾಗಿ ಹೋಗಿ ಬನ್ನಿ ಎಂದಳು. ಸಾಹೇಬರು ಅಷ್ಟು ದೂರದಿಂದಲೇ ಕೈ ಆಡಿಸುತ್ತಿದ್ದಾರೆ ಎಂದುಕೊಂಡು ತಗಡಿನ ಡಬ್ಬಿಯಲ್ಲಿ ಒಮಾನಿ ಹಲ್ವಾ ತುಂಬಿಸಿಕೊಂಡು ಹೊರಟೆ.

ಊರು ಗುಡ್ಡಗಳ ಸಂದಿಯಲ್ಲಿತ್ತು. ಒಂದು ಹೊಳೆ, ಒಂದು ಬೀದಿ, ಒಂದೇ ಡಬ್ಬಿಯ ರೈಲು. ಅರ್ಧಕ್ಕರ್ಧ ಮನೆಗಳಿಗೆ ಬಾಗಿಲು ಮುಚ್ಚಿತ್ತು. ಸ್ಟೇಷನ್ನಿಗೆ ಸಾಹೇಬರೇ ಬಂದಿದ್ದರು, ರಬ್ಬರ್ ಬೂಟು, ಕೊರಳಲ್ಲಿ ಟವೆಲು. ಮನೆಯ ಗೋಡೆಗುಂಟ ಸೌದೆ ಸೀಳಿ ಒಟ್ಟಿದ್ದರು. ಮಾಡಿನ ಒಂದು ಮೂಲೆಗೆ ಹೊಸ ಹಲಗೆ ಬಿದ್ದಿತ್ತು. ದೊಡ್ಡ ಮನುಷ್ಯರು ರಜೆಯಲ್ಲಿ ಹೇಗೆ ಕಾಲ ಕಳೆಯುತ್ತಾರೆ ನೋಡು ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಹಲ್ವಾವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋಗಿ ತಂದೆಯ ಫೋಟೋದ ಮುಂದೆ ಇಟ್ಟರು. ಮಂಗಳೂರಿನವರು ಹೇಳಿದ ಅಮ್ಮ ಇರಲಿಲ್ಲ. ಅಪ್ಪನಾದರೂ ಇದ್ದರಲ್ಲ ಎಂದು ಫೋಟೋಕ್ಕೆ ನಮಸ್ಕಾರ ಮಾಡಿದೆ.

ಮರುದಿನ ಗುಡ್ಡ. ಕರಡಿಗಳು ದೂರ ಇರಲೆಂದು ಸಾಹೇಬರು ನನ್ನ ಸೊಂಟಕ್ಕೊಂದು ಗಂಟೆ ಕಟ್ಟಿದರು. ನಮ್ಮ ಕಡೆ ಇದನ್ನು ಹೋರಿಗೆ ಕಟ್ಟುತ್ತಾರೆಂದು ನಾನು ಹೇಳಲಿಲ್ಲ. ಗುಡ್ಡ ನಿಜಕ್ಕೂ ಕೆಂಪಾಗಿತ್ತು. ಆ ಚೆಲುವನ್ನು ವರ್ಣಿಸುವ ಅಧಿಕಾರ ನನಗಿಲ್ಲ, ಏಕೆಂದರೆ ಹತ್ತುವಾಗ ನೋಡಿದ್ದು ಸಾಹೇಬರ ಹಿಮ್ಮಡಿ, ಮನಸ್ಸಿನಲ್ಲಿದ್ದದ್ದು ಇಳಿಯುವಾಗ ಆಡಬೇಕಾದ ಮಾತು. ಗಂಟೆ ಬಾರಿಸುತ್ತ ಹತ್ತಿದೆ.

ಇಳಿಯುವಾಗ ಬಾಯಿ ತೆರೆದೆ. ಅಷ್ಟರಲ್ಲಿ ಒದ್ದೆ ಎಲೆಯ ಮೇಲೆ ಕಾಲು ಜಾರಿತು. ಸಾಹೇಬರು ರಟ್ಟೆ ಹಿಡಿದು ನಿಲ್ಲಿಸಿದರು. ಹಿಡಿದವರನ್ನು ಆ ಕ್ಷಣವೇ ಇನ್ನೊಂದು ಉಪಕಾರ ಕೇಳುವುದು ಹೇಗೆ? ಬದಲಿಗೆ, “ನಾಳೆ ನೀವೂ ಕುಣಿಯುತ್ತೀರಾ ಸರ್?” ಎಂದು ಕೇಳಿದೆ.

ಅವರು ನಡೆಯುತ್ತಲೇ ಹೇಳಿದರು: “ನಮ್ಮಲ್ಲೊಂದು ಕಟ್ಟುಪಾಡಿದೆ. ಊರಿನಲ್ಲಿ ಒಲೆ ಹೊತ್ತಿಸುವವರು ಮಾತ್ರ ಕುಣಿಯಬೇಕು. ಹೊರಗೆ ಕೆಲಸದಲ್ಲಿರುವವರು ರಜೆಗೆ ಬಂದರೆ ನೋಡಬಹುದು, ಚಾಪೆ ಹಾಸಬಹುದು, ಮುಖವಾಡ ಮುಟ್ಟುವಂತಿಲ್ಲ. ಮುದುಕನ ವೇಷ ನಮ್ಮ ಮನೆಯದು. ನಾನು ಹೊರದೇಶದಲ್ಲಿದ್ದಷ್ಟು ಕಾಲವೂ ಇಲ್ಲಿಗೆ ಬಂದು ಚಾಪೆ ಹಾಸಿದ್ದೇನೆ.”

ಕಠಿಣ ನಿಯಮ ಎಂದೆ. ದೊಡ್ಡಾಟದಲ್ಲಿ ಪಾತ್ರಧಾರಿ ಎಲ್ಲಿರುತ್ತಾನೆಂದು ಯಾರೂ ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಬಂದಾನೇ, ಬಂದರೆ ತನ್ನ ಕಾಲ ಮೇಲೆ ನಿಂತಾನೇ ಎಂಬಷ್ಟೇ ನಮ್ಮ ಚಿಂತೆ.

ಕುಣಿತ ಮರುದಿನ ಮಧ್ಯಾಹ್ನ ಶುರುವಾಯಿತು. ಮರದ ಚಿಕ್ಕ ಗುಡಿ. ಸುತ್ತ ಹೊದಿಕೆ ಹೊದ್ದು ಕೂತ ಮುದುಕ ಮುದುಕಿಯರು. ನಗಾರಿಯಂಥ ಒಂದು ವಾದ್ಯ, ಒಂದು ಕೊಳಲು. ಸಾಹೇಬರು ನನ್ನನ್ನು ಕೆಂಡದ ಪಾತ್ರೆಯ ಪಕ್ಕ ಕೂರಿಸಿ ಎಲ್ಲೋ ಹೋದರು. ಚಾಪೆ ಹಾಸಲು ಹೋಗಿರಬೇಕು ಎಂದುಕೊಂಡೆ. ಬಂದ ಕೂಡಲೇ ಹೇಳಬೇಕಾದ ಮೆಚ್ಚುಗೆಯ ಮಾತನ್ನು ಜೋಡಿಸುತ್ತ ಕೂತೆ.

ಮೊದಲು ರಾಕ್ಷಸನೊಬ್ಬ ಬಂದ. ಆಮೇಲೆ ಬಿಳಿ ಗಡ್ಡದ ಮುದುಕನ ಮುಖವಾಡ. ನಮ್ಮ ಆಟದ ರಾಜರು ಹಲಗೆ ಮುರಿಯುವಂತೆ ಕುಣಿಯುತ್ತಾರೆ. ಈತ ನೆಲಕ್ಕೆ ನೋವಾದೀತೆಂಬಂತೆ ಕಾಲಿಟ್ಟ. ನಾಲ್ಕು ದಿಕ್ಕಿಗೂ ತಿರುಗಿ ಮೆಲ್ಲನೆ ಅಂಗಾಲು ಬಡಿದ. ಬೀಸಣಿಗೆ ಬಿಚ್ಚುವಾಗ ಕೈ ನಡುಗಿತು. ಅದು ಮುದುಕನ ಅಭಿನಯವೋ ಕುಣಿಯುವವನ ಅಂಜಿಕೆಯೋ ತಿಳಿಯಲಿಲ್ಲ. ನನ್ನ ಪಕ್ಕದ ಅಜ್ಜಿ ಅಳುತ್ತಿದ್ದಳು. ಕೊನೆಗೆ ಆತ ದೇವರ ಕಡೆಗೆ ತಿರುಗಿ ಮಂಡಿಯೂರಿ, ಮುಖವಾಡ ಬಿಚ್ಚಿ, ಹಣೆ ನೆಲಕ್ಕೆ ಹಚ್ಚಿದ. ಎದ್ದು ನಮ್ಮ ಕಡೆ ತಿರುಗಿದಾಗ ಅದು ನಮ್ಮ ಸಾಹೇಬರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟುತ್ತಿದ್ದ ಹಾಗೆಯೇ ನಿನ್ನೆಯ ಕಟ್ಟುಪಾಡು ನೆನಪಾಯಿತು. ಊರಿನಲ್ಲಿ ಒಲೆ ಹೊತ್ತಿಸುವವರು ಮಾತ್ರ. ಗೋಡೆಗೆ ಒಟ್ಟಿದ ಸೌದೆ ನೆನಪಾಯಿತು, ಮಾಡಿನ ಹೊಸ ಹಲಗೆ ನೆನಪಾಯಿತು. ಕೈ ತಾನಾಗಿಯೇ ನಿಂತಿತು.

ಸಾಹೇಬರು ಗುಡಿಯ ಹಿಂದೆ ಬೆಂಕಿ ಕಾಯಿಸಿಕೊಳ್ಳುತ್ತ ನಿಂತಿದ್ದರು, ತಲೆಗೆ ಟವೆಲು ಸುತ್ತಿಕೊಂಡು.

“ಹೇಗಿತ್ತು?”

“ಬಹಳ ಚೆನ್ನಾಗಿತ್ತು ಸರ್. ಆದರೆ ರಜೆಗೆ ಬಂದವರು ಕುಣಿಯುವಂತಿಲ್ಲ ಎಂದಿರಿ...”

“ರಜೆಯಲ್ಲ. ನನ್ನ ಹುದ್ದೆಯನ್ನೇ ತೆಗೆದುಹಾಕಿದರು. ಸೆಪ್ಟೆಂಬರಿನಿಂದ ಇಲ್ಲೇ ಒಲೆ.” ನನ್ನ ಮುಖ ನೋಡಿದರು. “ನಿಮಗೆ ಗೊತ್ತಿರಲಿಲ್ಲವೇ?”

ಗೊತ್ತಿತ್ತು ಎಂದರೆ ಸುಳ್ಳು. ಗೊತ್ತಿರಲಿಲ್ಲ ಎಂದರೆ ಮತ್ತೆ ಬಂದದ್ದೇಕೆ ಎಂಬ ಪ್ರಶ್ನೆ. ನಾನು ತಲೆಯನ್ನು ಹೌದು ಅಲ್ಲಗಳ ನಡುವೆ ಆಡಿಸಿದೆ. ಜಗತ್ತಿನ ಪ್ರದರ್ಶನ ಕಲೆಗಳಲ್ಲಿ ಇದೊಂದು ನಮಗೆ ಮಾತ್ರ ಸಿದ್ಧಿಸಿದ್ದು. ಅವರು ಅದನ್ನು ಹೌದು ಎಂದು ತೆಗೆದುಕೊಂಡರು.

“ಗೊತ್ತಿದ್ದೂ ಬಂದಿರಿ” ಎಂದರು. “ಶುಕ್ರವಾರ ಜೊತೆಗೆ ನಡೆದವರಿಗೆಲ್ಲ ಕರೆ ಕಳಿಸಿದ್ದೆ. ಉತ್ತರ ಕೊಟ್ಟವರು ನೀವೊಬ್ಬರೇ.”

ಅಂದರೆ ಆಫೀಸಿನ ಉಳಿದ ಪ್ರಕೃತಿಪ್ರೇಮಿಗಳಿಗೆಲ್ಲ ವಾಸನೆ ಹತ್ತಿತ್ತು. ನನಗೆ ಮಾತ್ರ ಕಾರು ತೊಳೆಯುವುದು ಕಂಡಿತ್ತು.

“ನಾನು ಹೊರಡುವ ಮುಂಚೆ ಯಾರಿಗೆ ಲಾಂಗ್ ಲೀವ್ ಕೊಟ್ಟರೆ ನಡೆದೀತು ಎಂದು ಕಂಪನಿಯವರು ನನ್ನನ್ನು ಕೇಳಿದರು. ನಿಮ್ಮ ಹೆಸರು ಹೇಳಿದೆ. ಅವರಿಗೆ ಗುಡ್ಡವೆಂದರೆ ಇಷ್ಟ, ಕಗುರಾ ನೋಡುವ ಆಸೆ ಇದೆ ಎಂದೆ.” ಹೇಳಿ ಸಂತೋಷದಿಂದ ನಕ್ಕರು. ಆಮೇಲೆ ಸೊಂಟ ಬಗ್ಗಿಸಿ ನನಗೆ ನಮಸ್ಕರಿಸಿದರು, ಬಹಳ ಹೊತ್ತು. ನಾನು ಕೈ ಮುಗಿದು ನಿಂತೆ.

ಮಸ್ಕತ್ತಿಗೆ ಬಂದಾಗ ಆ ಬಿಳಿ ಕಾರನ್ನು ಬೇರೆ ಯಾರೋ ಓಡಿಸುತ್ತಿದ್ದರು. ಎಚ್‌ಆರ್‌ನ ಹೆಂಗಸು ಈ ಸಲವೂ ನಕ್ಕಳು. ರಜೆಯನ್ನು ಮಾರ್ಚ್ ತನಕ ಮುಂದುವರಿಸಬಹುದು ಎಂದಳು. ಆಮೇಲೆ ಏನು ಎಂದು ಕೇಳಿದ್ದಕ್ಕೆ, ಆಮೇಲೆ ಏನೂ ಇಲ್ಲ ಎಂದಳು.

ಮೆಟ್ಟಿಲಲ್ಲೇ ಮಂಗಳೂರಿನವರು ಹಿಡಿದುಕೊಂಡರು. “ಕೇಳಿದ್ರಾ? ಇಳಿಯುವಾಗಲೇ ಅಲ್ವಾ?”

ನಡೆದದ್ದನ್ನು ಹೇಳಿದೆ.

“ಛೆ. ಅವ ಕುರ್ಚಿಯಲ್ಲಿ ಇರುವಾಗ ಹೋಗ್ಬೇಕಿತ್ತು ಮಾರಾಯ್ರೇ. ನೀವು ಲೇಟ್ ಮಾಡಿದ್ದು.” ಶಾಸ್ತ್ರಕ್ಕೆ ಒಂದು ಗೀರೂ ಬೀಳಲಿಲ್ಲ. ಅವರ ವೀಸಾ ಆ ತಿಂಗಳೇ ಇನ್ನೊಮ್ಮೆ ನವೀಕರಣವಾಗಿತ್ತು.

ಕನ್ನಡ ಸಂಘದ ಊಟದಲ್ಲಿ ನಮ್ಮ ಕಡೆಯವರೇ ಒಬ್ಬರು ತಾಟು ಹಿಡಿದುಕೊಂಡು, “ಏನ್ರಿ, ಮಂದಿ ನೌಕರಿ ಹೋಗಿ ಅಳಾಕತ್ತಾರ, ನೀವು ಜಪಾನ್ ಟೂರ್ ಹೊಡದು ಬಂದ್ರಂತ! ಇರಬೇಕ್ರಿ ಗುಂಡಿಗಿ” ಎಂದರು. ಸುತ್ತ ನಿಂತವರು ನಕ್ಕರು. ಜಿಲೇಬಿ ಚೆನ್ನಾಗಿದೆ ಎಂದೆ.

ಹೆಂಡತಿ ಮಾತ್ರ, ನಾನು ಮೊದಲೇ ಹೇಳಿದ್ದೆ ಎಂಬ ಮಾತನ್ನು ಆಡಲಿಲ್ಲ. ಆಡಿದ್ದರೆ ಹಗುರಾಗುತ್ತಿತ್ತು. “ಅಕಿಗೆ ನೀವ ಹೇಳ್ರಿ. ಮಾತು ಕೊಟ್ಟವರು ನೀವು” ಎಂದಳು, ಅಷ್ಟೇ.

ಹೇಳಿದೆ. ಮಗಳು ಕೆಮಿಸ್ಟ್ರಿ ಪುಸ್ತಕದ ಮೇಲೆ ಪೆನ್ಸಿಲ್ ಉರುಳಿಸುತ್ತ ಪೂರ್ತಿ ಕೇಳಿದಳು. ಆಮೇಲೆ, “ಡ್ಯಾನ್ಸ್ ಆದ್ರೂ ಚೆನ್ನಾಗಿತ್ತಾ?” ಎಂದಳು.

ಚೆನ್ನಾಗಿತ್ತು ಎಂದೆ. ಅದು ನಿಜವೂ ಆಗಿತ್ತು.

ಮಾರ್ಚ್ ಕೊನೆಗೆ ವೀಸಾ ರದ್ದಾಯಿತು. ಹನ್ನೆರಡನೆಯ ತರಗತಿಯನ್ನು ಅವಳು ಹುಬ್ಬಳ್ಳಿಯಲ್ಲಿ ಓದಿದಳು.