ಅಪ್ಪನ ಕಾರಿನ ಎಂಜಿನ್ ಇಳಿಸಿದ ದಿನ

ನಾನು ಚಿಕ್ಕವಳಿದ್ದಾಗ ಮರವಂತೆಯ ನಮ್ಮ ಮನೆ ನಡೆಯುತ್ತಿದ್ದುದು ಅಪ್ಪನ ಹಳೆಯ ಬಾಡಿಗೆ ಕಾರಿನಿಂದ. ಮೀನು ಮಾರುವ ಹೆಂಗಸರನ್ನು ಬುಟ್ಟಿ ಸಮೇತ ವಂಡ್ಸೆ ಪೇಟೆಗೆ ಬಿಟ್ಟುಬರುತ್ತಿದ್ದ ಆ ಕಾರು ನಿಂತಲ್ಲೆಲ್ಲ ಎಣ್ಣೆ ತೊಟ್ಟಿಕ್ಕಿಸುತ್ತಿತ್ತು.

ಸೋರಿಕೆ ಹೆಚ್ಚಾದಾಗ ಎಂಜಿನ್ನನ್ನೇ ಇಳಿಸಿ ಸೀಲು, ಗ್ಯಾಸ್ಕೆಟ್ ಬದಲಿಸಬೇಕಾಯಿತು. ಮೆಕ್ಯಾನಿಕ್ ಮಾಮ ಬಂದರು. ಅಪ್ಪನೂ ಅವರೂ ಶಾಲೆಯಲ್ಲಿ ಒಂದೇ ಬೆಂಚಿನವರು. ಮಾವಿನ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿ ಎಳೆದರು. ಎಂಜಿನ್ ಮೆಲ್ಲಗೆ ಮೇಲೆದ್ದಿತು. ಸುಟ್ಟ ಎಣ್ಣೆಯ ವಾಸನೆ ಅಡುಗೆಮನೆಯವರೆಗೂ ಹಬ್ಬಿತು.

ಎಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ತಟ್ಟೆಯನ್ನು ಬಿಚ್ಚಿ, ಚಿಮಣಿ ಎಣ್ಣೆಯಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ, ತೊಳೆದಿಡು ಎಂದು ಅಪ್ಪ ನನ್ನ ಕೈಗೆ ಕೊಟ್ಟು, ಮಾಮನ ಜೊತೆ ಊಟಕ್ಕೆ ಕೂತರು. ಎಷ್ಟು ಒರೆಸಿದರೂ ಜಿಡ್ಡು ಹೋಗಲಿಲ್ಲ. ನಾನೋ ಮಹಾ ಬುದ್ಧಿವಂತೆ! ಅಮ್ಮ ಮೀನಿನ ಪಾತ್ರೆ ತಿಕ್ಕುವ ಹಾಗೆ, ತೆಂಗಿನ ನಾರಿಗೆ ಕಡಲ ದಂಡೆಯ ಹೊಯ್ಗೆ, ಅಂದರೆ ಮರಳು, ಹಚ್ಚಿ ಗಸಗಸ ಉಜ್ಜಿದೆ. ನೀರು ಹೊಯ್ದು ಬಿಸಿಲಿಗಿಟ್ಟೆ.

"ಇದ್ ಕಾಣ್ ಮರಾಯಾ, ಹೊಸ್ತೇ ಆಯ್ತಲ್ಲ!" ಎಂದು ಮಾಮ ಅಪ್ಪನಿಗೆ ತೋರಿಸಿದರು. ನಾನು ಉಬ್ಬಿಹೋದೆ. ತಟ್ಟೆಯ ಮಡಿಕೆಗಳಲ್ಲಿ ಉಳಿದಿದ್ದ ಮರಳು ಯಾರ ಕಣ್ಣಿಗೂ ಬೀಳಲಿಲ್ಲ; ತಟ್ಟೆಯನ್ನು ಹಾಗೆಯೇ ಜೋಡಿಸಿದರು.

ವಾರ ಕಳೆಯುವುದರೊಳಗೆ ಕಾರು ವಂಡ್ಸೆ ದಾರಿಯಲ್ಲಿ ಕಟಕಟ ಸದ್ದು ಮಾಡಿ ನಿಂತುಬಿಟ್ಟಿತು. ಬಿಚ್ಚಿ ನೋಡಿದರೆ ಎಣ್ಣೆಯ ತುಂಬ ಮರಳು. ಒಳಗಿನದೆಲ್ಲ ಸವೆದು ಎಂಜಿನ್ ಕೆಲಸಕ್ಕೆ ಬಾರದಂತಾಗಿತ್ತು.

"ನಿನ್ನ್ ನಂಬಿ ಕೆಟ್ಟೆ ನಾನ್! ಎಂಜಿನ್ ಹೊಯ್ಗಿ ಮೇಲ್ ಇಟ್ಕಂಡ್ ಕೆಲ್ಸ ಮಾಡ್ದೆ ಅಲ್ದಾ?" ಅಪ್ಪ ಮಾಮನ ಮೇಲೆ ಕೂಗಾಡಿದರು.

"ದೇವ್ರಾಣಿ, ನಂಗ್ ಗೊತ್ತಿಲ್ಲ ಮರಾಯಾ," ಎಂದರು ಮಾಮ. ನಾನು ಬಾಗಿಲ ಹಿಂದೆ ನಿಂತಿದ್ದೆ. ಹೇಳಬೇಕೆಂದರೂ ಭಯಕ್ಕೆ ನಾಲಿಗೆ ಏಳಲಿಲ್ಲ.

ಅಪ್ಪ ಕಾರನ್ನು ಗುಜರಿಗೆ ಕೊಟ್ಟು, ಬೇರೆಯವರ ಕಾರು ಓಡಿಸಲು ಮುಂಬಯಿಗೆ ಹೋದರು. ಮಾಮ ಮತ್ತೆ ನಮ್ಮ ಅಂಗಳ ತುಳಿಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವರು ತೀರಿಕೊಂಡಾಗ, ಮುಂಬಯಿಯಿಂದ ಮರಳಿ ಊರಲ್ಲೇ ಇದ್ದ ಅಪ್ಪ ಮುಖ ನೋಡಲೂ ಹೋಗಲಿಲ್ಲ.

ಮಕ್ಕಳೇ, ನಿಮ್ಮ ಕರೆಂಟಿನ ಕಾರಿಗೆ ಎಂಜಿನ್ನೂ ಇಲ್ಲ, ಎಣ್ಣೆಯ ತಟ್ಟೆಯೂ ಇಲ್ಲ. ಏನಾದರೂ ಒಡೆದರೆ ನೀವು ಓಡಿಬಂದು, "ಅಜ್ಜಿ, ನಾನೇ ಒಡ್ದದ್ದ್" ಎಂದು ಹೇಳಿ, ಮರುಕ್ಷಣವೇ ಆಟಕ್ಕೆ ಓಡುತ್ತೀರಿ. ಆಗೆಲ್ಲ ನಿಮ್ಮನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತದೆ. ಕೊನೆಯವರೆಗೂ ಅಪ್ಪ ಆ ಗೆಳೆಯನ ಹೆಸರೆತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ.