ಅರ್ಥ ಆಗ್ಲಿಲ್ರಿ ಸರ್

ಹಚ್ಚೊಳ್ಳಿಯ ಗೆಳತಿಯರೇ, ಇವತ್ತು ಬಳ್ಳಾರಿ ಕಾಲೇಜಿನ ಫಿಸಿಕ್ಸ್ ಕ್ಲಾಸಿನಲ್ಲಿ ನಾನು ಎದ್ದು ನಿಂತುಬಿಟ್ಟೆ.

ನಾವೆಲ್ಲ ಕನ್ನಡದಲ್ಲಿ ಓದಿದವರು. ಇಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಪಿಯುಸಿ ಸೇರಿ ನಾಲ್ಕು ತಿಂಗಳು ಬೋರ್ಡಿನ ಮೇಲಿದ್ದದ್ದನ್ನು ರಂಗೋಲಿ ಬಿಡಿಸಿದ ಹಾಗೆ ಬರೆದುಕೊಂಡೆ. ಇವತ್ತು ತಡೆಯಲಾಗಲಿಲ್ಲ.

"ಸರ್, ಅರ್ಥ ಆಗ್ಲಿಲ್ರಿ."

"ಯಾವುದವ್ವಾ?"

"ಮೊದಲಿಂದ್ರಿ."

ಇಡೀ ಕ್ಲಾಸು ನಕ್ಕಿತು. ಪಕ್ಕದವಳು ಕೈ ಎಳೆದು ಕೂರಿಸಿದಳು. ಸರ್ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ಗಂಟೆ ಹೊಡೆದ ಮೇಲೆ ವರಾಂಡಕ್ಕೆ ಕರೆದರು. ಈಗಲಾದರೂ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆಂದು ನೋಟ್‌ಬುಕ್ ತೆರೆದು ಹಿಡಿದೆ.

ಅವರು ಅತ್ತಿತ್ತ ನೋಡಿ ಮೆಲ್ಲಗೆ ಹೇಳಿದರು: "ಅರ್ಥ ಮಾಡ್ಕೊಳ್ಳಾಕ ಹೋಗಬ್ಯಾಡವ್ವ, ಬಾಯಿಪಾಠ ಮಾಡು. ನಾನೂ ನಿಮ್ಮ ಸಿರುಗುಪ್ಪ ಕಡೆಯಿಂದ ಬಂದಾವ, ಕನ್ನಡದಾಗ ಓದಿದಾವ. ಹಂಗ ಪಾಸಾದೆ, ಹಂಗ ಕಲಿಸಾಕ ಹತ್ತೀನಿ."

"ಹಂಗಾರ ನಿಮಗೂ..."

"ಹೋಗವ್ವ, ಮುಂದಿನ ಕ್ಲಾಸಿಗೆ ಹೊತ್ತಾತು."

ಹಾಸ್ಟೆಲ್ಲಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಸಾಲಿ ಬಿಟ್ಟ ನೀವು ಪ್ರತಿ ಪತ್ರದಲ್ಲೂ "ನಮ್ಮ ಪಾಲಿಂದೂ ನೀನೇ ಓದು" ಎಂದು ಬರೆಯುತ್ತೀರಿ. ನನ್ನ ಪಾಲಿನದೇ ತಲೆಗೆ ಹತ್ತುತ್ತಿಲ್ಲ ಎಂದು ನಿಮಗೆ ಹೇಗೆ ಹೇಳಲಿ? ಊರಿಗೆ ಬಂದುಬಿಡೋಣ ಅನಿಸಿತು. ಬಂದರೆ ಅಪ್ಪ ಮರುವಾರವೇ ಗಂಡು ನೋಡುತ್ತಾನೆ.

ಮುಖ ತೊಳೆದುಕೊಂಡು ಮೊದಲ ಪುಟ ಬಾಯಿಪಾಠ ಮಾಡಿದೆ. ಒಂದು ತಪ್ಪೂ ಇಲ್ಲದೆ ಬಂತು, ಒಂದು ಸಾಲೂ ಅರ್ಥವಾಗಲಿಲ್ಲ. ಇನ್ನು ನಾನೂ ಲೆಕ್ಚರರ್ ಆಗಬಹುದು.